ಅಜ್ಜ ಹಿಂದಕ್ಕೆ ಕಳಿಸಿದ ಲಕೋಟೆ

ಕನ್ನಡಕದಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಬಸ್ ನಿಲ್ದಾಣದ ಹಿಂಬದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಂಗಡಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಕೋಣೆ ಅವಳದು. ಮೂವತ್ತೊಂದು ವರ್ಷಗಳಿಂದ ಅಲ್ಲಿ ಕೂತು ಗಾಜು ಉಜ್ಜುತ್ತಾಳೆ, ಫ್ರೇಮಿಗೆ ಕೂರಿಸುತ್ತಾಳೆ, ಸಡಿಲವಾದ ಸ್ಕ್ರೂ ಬಿಗಿಯುತ್ತಾಳೆ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಮನೆಯೆಲ್ಲ ಜಾಲಾಡಿ, ಕೊನೆಗೆ "ಕಳೆದೇ ಹೋಯ್ತು, ಹೊಸದು ಮಾಡಿಕೊಡಿ" ಎಂದು ಬಂದ ಗಿರಾಕಿಗಳನ್ನೂ ಅವಳು ನಗದೆ ಸಂಭಾಳಿಸಿ ಕಳಿಸಿದ್ದುಂಟು. ವಯಸ್ಸು ಐವತ್ತೇಳು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಾಳೆ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳೂ ಎಂಬತ್ತೈದರ ತಾಯಿಯೂ ವಾಸ. ತಮ್ಮ ಸಿಟಿ ಬಸ್ಸಿನ ಡ್ರೈವರು. ಎರಡು ಬೀದಿ ಆಚೆ ಅವನ ಸಂಸಾರ. ಭಾನುವಾರ ಮಧ್ಯಾಹ್ನದ ಊಟ ಮಾತ್ರ ಅಮ್ಮನ ಮನೆಯಲ್ಲೇ ಆಗಬೇಕು ಅವನಿಗೆ.

ತಾಯಿಗೆ ಕಣ್ಣು ಮಂಜಾದ ಮೇಲೆ ದಿನಾ ಬೆಳಗ್ಗೆ ಪೇಪರ್ ಓದಿ ಹೇಳುವುದು ಮಗಳ ಕೆಲಸ. ಒಂದು ದಿನ ಮೂರನೇ ಪುಟದಲ್ಲಿ ನಗರಸಭೆಯ ಪ್ರಕಟಣೆಯಿತ್ತು. ಹಳೆಯ ಮಹಾಯುದ್ಧದಲ್ಲಿ ದುಡಿದ ಊರಿನವರ ಹೆಸರುಗಳನ್ನು ಕಚೇರಿಯ ಗೋಡೆಯಲ್ಲಿ ಕೆತ್ತಿಸುತ್ತಾರಂತೆ, ಮನೆಯವರು ದಾಖಲೆ ತಂದುಕೊಡಬೇಕಂತೆ.

"ಅಮ್ಮಾ, ಅಜ್ಜನೂ ಯುದ್ಧಕ್ಕೆ ಹೋಗಿದ್ರಲ್ಲ? ಹೆಸರು ಕೊಡೋಣ್ವಾ?"

ತಾಯಿಯ ಕೈಯಲ್ಲಿದ್ದ ಚಹಾದ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

"ಬೇಡ."

"ಯಾಕಮ್ಮ?"

"ಬೇಡ ಅಂದ್ನಲ್ಲ. ಮುಂದಿನದು ಓದು."

ಮಗಳು ಮುಂದಿನದು ಓದಿದಳು. ಆದರೆ ಅಂದಿನಿಂದ ಮುದುಕಿಯ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಕೇಳಿದರೆ "ಹಸಿವಿಲ್ಲ" ಎನ್ನುತ್ತಿದ್ದಳು. ಮೂರನೆಯ ದಿನ ಕಿಟಕಿಯ ಬಳಿ ಕೂರಿಸಿ ಮಗಳು ತಲೆ ಬಾಚುತ್ತಿದ್ದಾಗ, ಬೆನ್ನು ತೋರಿಸಿಕೊಂಡೇ ಬಾಯಿಬಿಟ್ಟಳು.

"ನಿನ್ನ ಅಜ್ಜ ಓಡಿ ಬಂದೋನು ಕಣೇ. ಯುದ್ಧ ಮುಗಿಯೋಕೆ ಇನ್ನೂ ಐದು ತಿಂಗಳಿತ್ತು. ನನಗಾಗ ಆರು ವರ್ಷ. ಒಂದಿನ ಬೆಳಗ್ಗೆ ಬಾಗಿಲು ತೆಗೆದ್ರೆ ಅಪ್ಪ ನಿಂತಿದ್ದ. ತಲೆ ಬೋಳು, ಮೈಮೇಲೆ ಯಾರದೋ ದೊಗಳೆ ಅಂಗಿ. ಗುರುತೇ ಸಿಗಲಿಲ್ಲ ನಂಗೆ, ಹೆದರಿ ಒಳಗೋಡಿದೆ. ಒಂದೇ ವಾರಕ್ಕೆ ಸೈನ್ಯದಿಂದ ಕಾಗದ ಬಂತು. ನಿಂತ್ಕೊಂಡೇ ಓದಿದ, ಒಲೆಗೆ ಹಾಕಿದ. ತಿಂಗಳು ತುಂಬೋದ್ರೊಳಗೆ ಮನೆ ಬದಲಾಯಿಸಿದ್ವಿ. ಆಮೇಲೆ ಇನ್ನೊಂದು ಮನೆ. ಆಮೇಲೆ ಮತ್ತೊಂದು."

"ಕಾಗದದಲ್ಲಿ ಏನಿತ್ತು?"

"ಅಮ್ಮ ಮಾತ್ರ ಓದಿದ್ಲು, ಅವನ ಹೆಗಲ ಮೇಲಿಂದ. ಸಾಯೋ ಮುಂಚೆ ನನಗೆ ಹೇಳಿದ್ಲು. ಹೇಳದೆ ಕೇಳದೆ ತುಕಡಿ ಬಿಟ್ಟು ಹೋಗಿದೀಯ, ಹತ್ತು ದಿನದಲ್ಲಿ ಬಂದು ಒಪ್ಪಿಸ್ಕೋ, ಇಲ್ದಿದ್ರೆ ಹಿಡ್ಕೊಂಡು ಹೋಗ್ತೀವಿ ಅಂತ. ಪೋಸ್ಟಿನವನು ಬಾಗಿಲು ತಟ್ಟಿದ್ರೆ ಸಾಕು, ಅಪ್ಪ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರ್ತಿದ್ದ. ಸುದ್ದಿ ಹೇಗೋ ಹಬ್ಬಿ, ಶಾಲೇಲಿ ನನ್ನನ್ನ 'ಕಾಲಿಗೆ ಬುದ್ಧಿ ಹೇಳಿದವನ ಮಗಳು' ಅಂತಿದ್ರು. ಓಟದ ಪಂದ್ಯದಲ್ಲಿ ಗೆದ್ದಾಗ, ಗೆಲ್ಲದೆ ಇರ್ತಾಳಾ, ರಕ್ತದಲ್ಲೇ ಇದೆ ಅಂದ್ರು. ಆಮೇಲೆ ನಾನು ಓಡಲೇ ಇಲ್ಲ."

ಬೇಕರಿಯೊಂದರ ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತು, ಅರವತ್ತೊಂದಕ್ಕೇ ಸತ್ತುಹೋದ ಅಜ್ಜ ಅವಳ ನೆನಪಿನಲ್ಲಿ ಒಂದು ಹಿಟ್ಟಿನ ವಾಸನೆ ಮಾತ್ರ. ಎಪ್ಪತ್ತೊಂಬತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಮ್ಮ ಹೇಗೆ ಬದುಕಿದಳು? ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲವಂತೆ.

"ಅಜ್ಜ ಏನಂತಿದ್ರು? ಓಡಿ ಬಂದೆ ಅಂತಿದ್ರಾ?"

"ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅದೇ ನೋಡು ನನ್ನ ಸುಡ್ತಿರೋದು."

ಭಾನುವಾರ ಊಟಕ್ಕೆ ಬಂದ ತಮ್ಮನಿಗೆ ಅಕ್ಕ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಸೈನ್ಯದ ದಾಖಲೆ ಹುಡುಕಿಸುತ್ತೇನೆ ಎಂದಳು. ಅವನು ತಲೆಯಾಡಿಸಿಬಿಟ್ಟ.

"ಅಕ್ಕಾ, ಮಣ್ಣಾದವರನ್ನ ಯಾಕೆ ಎಬ್ಬಿಸ್ತೀಯ? ಈಗ ಅನುಮಾನ ಅಂತನಾದ್ರೂ ಇದೆ. ದಾಖಲೇಲಿ ಹೌದು ಅಂತ ಬರೆದಿದ್ರೆ ಅದೂ ಹೋಯ್ತು."

"ಅನುಮಾನ ಇಟ್ಕೊಂಡು ಅಮ್ಮ ಊಟ ಬಿಟ್ಟಿದಾಳೆ ಕಣೋ."

"ಆ ಗಾಯಕ್ಕೆ ನೀನು ಉಪ್ಪು ಸವರ್ತೀನಿ ಅಂತೀಯ."

ಇಬ್ಬರೂ ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಂಡು ತಟ್ಟೆ ತೊಳೆದರು. ಕನ್ನಡಕದಕ್ಕ ಹಿಡಿದ ಪಟ್ಟು ಬಿಡುವವಳಲ್ಲ ಎಂದು ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, "ಏನೇ ಆಗ್ಲಿ, ಮೊದಲು ನಂಗೆ ಹೇಳು. ಅಮ್ಮಂಗಲ್ಲ," ಎಂದಷ್ಟೇ ಹೇಳಿ ಹೋದ.

ದಾಖಲೆ ಕಚೇರಿಯ ಅರ್ಜಿಯಲ್ಲಿ ಮೊದಲ ಪ್ರಶ್ನೆಗೇ ತಡೆ ಬಿತ್ತು: ಸೈನಿಕನ ಸೇವಾ ಸಂಖ್ಯೆ. ಮನೆಯಲ್ಲಿ ಒಂದು ಚೂರು ಕಾಗದವಿಲ್ಲ, ಒಂದು ಫೋಟೋ ಇಲ್ಲ. ಎಲ್ಲವನ್ನೂ ಅಜ್ಜನೇ ಒಲೆಗೆ ಹಾಕಿದ್ದ. ಎರಡು ವಾರ ಅವಳ ತಲೆಯಲ್ಲಿ ಅದೇ ಗುಂಗು. ಗಾಜು ಉಜ್ಜುತ್ತಾ ಒಂದು ದಿನ ತಾಯಿ ಯಾವತ್ತೋ ಹೇಳಿದ್ದು ನೆನಪಾಯಿತು. ಅಪ್ಪ ಯುದ್ಧದಲ್ಲಿದ್ದಾಗಲೇ ತನ್ನನ್ನು ಶಾಲೆಗೆ ಸೇರಿಸಿದ್ದು, ಸೈನಿಕರ ಮಕ್ಕಳೆಂದು ಪುಸ್ತಕ ಪುಕ್ಕಟೆ ಸಿಕ್ಕಿದ್ದು. ಸುಮ್ಮನೆ ಕೊಡುತ್ತಾರೆಯೇ? ಏನಾದರೊಂದು ಬರೆದುಕೊಂಡೇ ಇರುತ್ತಾರೆ.

ಆ ಶಾಲೆ ಊರಿನ ಹಳೆಯ ಭಾಗದಲ್ಲಿ ಇನ್ನೂ ಇತ್ತು. ಹೆಡ್‌ಮಾಸ್ತರರು ನಕ್ಕರು. "ಎಂಬತ್ತು ವರ್ಷದ ಹಿಂದಿನ ರಿಜಿಸ್ಟರಾ? ಜಿರಲೆ ತಿಂದಿಲ್ಲ ಅಂದ್ರೆ ಇರುತ್ತೆ ಬನ್ನಿ." ಜಿರಲೆ ಅಂಚನ್ನಷ್ಟೇ ತಿಂದಿತ್ತು. ಉಗ್ರಾಣದ ಬೆಂಚಿನ ಮೇಲೆ ದಪ್ಪ ಪುಸ್ತಕ ಬಿಚ್ಚಿದರೆ, ಅಮ್ಮನ ಹೆಸರಿನ ಎದುರಿಗೆ ತಂದೆಯ ಉದ್ಯೋಗ 'ಸೈನಿಕ' ಎಂದು ಬರೆದು, ಕೆಳಗೆ ಐದು ಅಂಕಿಗಳಿದ್ದವು. ನಾಲ್ಕು ಸ್ಪಷ್ಟವಾಗಿದ್ದವು. ಕೊನೆಯದರ ಮೇಲೆ ನೀರು ಬಿದ್ದು ಅದು ಮೂರೋ ಎಂಟೋ ತಿಳಿಯದಂತಾಗಿತ್ತು.

"ಯಾರು ಓದ್ತಾರೆ ಇದನ್ನ!" ಎಂದರು ಹೆಡ್‌ಮಾಸ್ತರರು.

ಕನ್ನಡಕದಕ್ಕ ಚೀಲದಿಂದ ತನ್ನ ಕೆಲಸದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡಳು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು. ಶಾಯಿ ಹರಡಿಹೋಗಿದ್ದರೂ ಲೇಖನಿಯ ಮುಳ್ಳು ಕಾಗದದಲ್ಲಿ ಕೊರೆದ ಗೀರು ಹಾಗೇ ಇತ್ತು.

"ಎಂಟು," ಎಂದಳು. "ಕೈ ಎರಡು ಸಲ ಸುತ್ತಿದೆ ನೋಡಿ."

ಅರ್ಜಿ ಹೋಗಿ ಏಳು ವಾರಕ್ಕೆ ಉತ್ತರ ಬಂತು. ಕಡತ ಸಿಕ್ಕಿದೆ, ಸಂಬಂಧದ ಪುರಾವೆಯೊಂದಿಗೆ ಖುದ್ದಾಗಿ ಬರಬೇಕು. ತಾಯಿಗೆ "ಗಾಜು ತರೋಕೆ ಹೋಗ್ತಿದೀನಿ" ಎಂದು ಸುಳ್ಳು ಹೇಳಿ ಅವಳು ಬೆಳಗಿನ ಬಸ್ಸು ಹತ್ತಿದಳು. ಮೂರು ಗಂಟೆಯ ಹಾದಿ. ಕಟ್ಟಿಕೊಂಡ ಬುತ್ತಿ ಮಡಿಲಲ್ಲೇ ಇತ್ತು, ಅವಳು ಬಿಚ್ಚಲಿಲ್ಲ.

ದಾಖಲೆ ಕಚೇರಿ ಒಂದು ಉದ್ದನೆಯ ಹಳದಿ ಕಟ್ಟಡ. ಓದುವ ಕೋಣೆಯಲ್ಲಿ ಆರು ಮೇಜು, ಪ್ರತಿ ಮೇಜಿಗೂ ಒಂದು ದೀಪ, ಗೋಡೆಯ ಮೇಲೆ 'ಪೆನ್ನು ಬಳಸಬೇಡಿ, ಎಂಜಲು ಹಚ್ಚಿ ಪುಟ ತಿರುಗಿಸಬೇಡಿ' ಎಂಬ ಬೋರ್ಡು. ಗುಮಾಸ್ತರು ನಿವೃತ್ತಿಗೆ ಬಂದ ಮನುಷ್ಯ. ಅವರ ಕನ್ನಡಕದ ಒಂದು ಕಡ್ಡಿ ಕೀಲಿನ ಬಳಿ ಕಳಚಿ, ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಸುತ್ತಿಸಿಕೊಂಡು ಕಿವಿಯ ಮೇಲೆ ಹೇಗೋ ನಿಂತಿತ್ತು. ಅದನ್ನು ಕಂಡ ಕನ್ನಡಕದಕ್ಕನ ಕೈ ತುರಿಸಿತು. ಆದರೆ ಬಂದ ಕೆಲಸ ಬೇರೆ.

ಅವರು ಒಂದು ತೆಳುವಾದ ಹಾಜರಿ ಪುಸ್ತಕ ತಂದಿಟ್ಟು, ಗುರುತಿಗೆ ಕಾಗದದ ಚೂರು ಸಿಕ್ಕಿಸಿದ್ದ ಪುಟ ತೆರೆದು, ಮತ್ತೊಬ್ಬರನ್ನು ವಿಚಾರಿಸಲು ಹೋದರು. ಅಜ್ಜ ಬಂದೂಕು ಹಿಡಿದವನಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಸೈನ್ಯದ ಜೊತೆಗೆ ಸಾಗುವ ಬೇಕರಿ ತುಕಡಿಯಲ್ಲಿ ಬ್ರೆಡ್ ಸುಡುವವ. ಹೆಸರಿನ ಮುಂದೆ ದಿನಕ್ಕೊಂದು ಗೀಟು, ತಿಂಗಳುಗಟ್ಟಲೆ, ಒಂದೂ ತಪ್ಪಿಲ್ಲ. ಆಮೇಲೆ ಗೀಟು ನಿಂತಿತ್ತು. ಅಲ್ಲಿಂದ ಮುಂದಕ್ಕೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: 'ಅಪ್ಪಣೆಯಿಲ್ಲದೆ ಗೈರು. ಓಡಿಹೋಗಿರುವನೆಂದು ಭಾವಿಸಲಾಗಿದೆ.'

ಅವಳು ಸಾಲಿನ ಕೆಳಗೆ ಬೆರಳಿಟ್ಟಳು. ಮತ್ತೊಮ್ಮೆ ಓದಿದಳು. ಕೆಂಪು ಶಾಯಿ ಬದಲಾಗಲಿಲ್ಲ. ಪುಸ್ತಕ ಮುಚ್ಚಿ, ಎದ್ದು ವರಾಂಡಕ್ಕೆ ಬಂದು ಕಂಬಕ್ಕೆ ಒರಗಿ ತಮ್ಮನಿಗೆ ಫೋನ್ ಮಾಡಿದಳು. ಅವನು ಡಿಪೋದಲ್ಲಿದ್ದ.

"ನಿಜ ಕಣೋ," ಎಂದಳು. "ಸೈನ್ಯದಲ್ಲೂ ಬ್ರೆಡ್ ಸುಡ್ತಿದ್ರಂತೆ. ಓಡಿಹೋದ ಅಂತ ಕೆಂಪು ಶಾಯೀಲಿ ಬರೆದಿದಾರೆ."

"ಬಂದ್ಬಿಡು ಅಕ್ಕಾ," ಎಂದ ಅವನು. "ಏನೂ ಸಿಗಲಿಲ್ಲ ಅಂತ ಹೇಳೋಣ. ಅಮ್ಮಂಗೆ ಇದು ಯಾವುದೂ ಗೊತ್ತಾಗೋದು ಬೇಡ. ಪಾಪ, ಅಜ್ಜನಿಗೂ ಪ್ರಾಣದಾಸೆ ಇರಲ್ವಾ? ಬ್ರೆಡ್ ಸುಡೋನು, ಗುಂಡು ಬಿದ್ರೆ ಓಡದೆ ಏನ್ಮಾಡ್ತಾನೆ?"

ತಮ್ಮ ಹೇಳಿದ್ದು ಸರಿ ಎನ್ನಿಸಿತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಗುಮಾಸ್ತರ ಚಪ್ಪಲಿಯ ಸದ್ದು ಕೇಳಿಸಿತು. ಓಡಿಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು.

"ಅಲ್ಲಮ್ಮಾ, ಎಲ್ಲಿಗೆ ಹೊರಟ್ರಿ?"

"ನೋಡಿದೆ ಸಾರ್. ಸಾಕು."

"ಏನು ನೋಡಿದ್ರಿ? ಕೆಂಪು ಶಾಯಿ ತಾನೇ? ಎಲ್ಲರೂ ಅಷ್ಟೇ ನೋಡಿ ಅಳ್ತಾ ಹೋಗ್ತಾರೆ. ಪಕ್ಕದಲ್ಲಿ ಪೆನ್ಸಿಲಲ್ಲಿ ಏನಿತ್ತು, ಅದು ನೋಡಿದ್ರಾ?"

ಅವಳು ನೋಡಿರಲಿಲ್ಲ. ಜೀವಮಾನವಿಡೀ ಸಣ್ಣ ಅಕ್ಷರ ಓದಿದವಳಿಗೆ ಅಂಚಿನಲ್ಲಿದ್ದ ಪೆನ್ಸಿಲ್ ಗುರುತು ಕಂಡಿರಲಿಲ್ಲ. ಗುಮಾಸ್ತರು ಅವಳನ್ನು ವಾಪಸು ಕರೆತಂದು ಕೂರಿಸಿದರು. ಒಂದು ಅಕ್ಷರ, ಮೂರು ಅಂಕಿ. ಆಸ್ಪತ್ರೆಯ ಕಡತದ ಸಂಖ್ಯೆ ಅದು ಎಂದರು. "ಮಧ್ಯಾಹ್ನದ ತನಕ ಕಾಯಿರಿ. ಅದು ಕೆಳಗಿನ ಉಗ್ರಾಣದಲ್ಲಿದೆ, ನಾನೇ ಇಳಿದು ತರ್ಬೇಕು. ಈ ಕನ್ನಡಕದಲ್ಲಿ ಒಂದೊಂದು ಮೆಟ್ಟಿಲು ಎರಡೆರಡಾಗಿ ಕಾಣ್ತವೆ ಬೇರೆ."

"ಇಲ್ಲಿ ಕೊಡಿ ಅದನ್ನ," ಎಂದಳು ಕನ್ನಡಕದಕ್ಕ, ಇನ್ನು ತಡೆಯಲಾರದೆ. ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರೂ ನಾಲ್ಕು ಬಿಡಿ ಸ್ಕ್ರೂಗಳೂ ಸದಾ ಇರುತ್ತವೆ. ಪಟ್ಟಿ ಕಿತ್ತೆಸೆದು, ಕೀಲು ಒರೆಸಿ, ಹೊಸ ಸ್ಕ್ರೂ ಹಾಕಿ ಬಿಗಿದು, ಸೆರಗಿನ ಅಂಚಿನಿಂದ ಗಾಜು ಒರೆಸಿ ಕೊಟ್ಟಳು. ಅವರು ಹಾಕಿಕೊಂಡು ಕೋಣೆಯ ನಾಲ್ಕು ಮೂಲೆ ನೋಡಿದರು. "ಅಯ್ಯೋ, ಆ ಬೋರ್ಡಿನ ಮೇಲೆ ಜೇಡ ಬಲೆ ಕಟ್ಟಿದೆಯಲ್ಲ!" ಎಂದು ಬೆರಗಾಗಿ ಕೆಳಗಿಳಿದು ಹೋದರು.

ಎರಡು ಗಂಟೆಗೆ ಅವರು ತಂದ ಕಟ್ಟಿನ ದಾರ ಬಿಚ್ಚಿದರೆ ಧೂಳಿನ ಜೊತೆ ಆ ದಿನಗಳ ಕಥೆಯೆಲ್ಲ ಹೊರಬಂತು. ಗುಮಾಸ್ತರು ಒಂದೊಂದೇ ಹಾಳೆ ಎತ್ತಿ, ಅವಳ ಮುಂದಿಟ್ಟು, ಬೆರಳಿಟ್ಟು ಓದಿದರು.

ಮೊದಲನೆಯದು ರಣರಂಗದ ಆಸ್ಪತ್ರೆಯ ಭರ್ತಿ ಪುಸ್ತಕ. 'ಹೆಸರು ತಿಳಿಯದು. ಗುರುತಿನ ಬಿಲ್ಲೆ ಇಲ್ಲ. ತಲೆಗೆ ಪೆಟ್ಟು, ಕಡುಜ್ವರ. ಎಡ ಮುಂಗೈಯಲ್ಲಿ ಹಳೆಯ ಸುಟ್ಟ ಗಾಯ. ಮಗುಚಿದ ಬ್ರೆಡ್ ಗಾಡಿಯ ಪಕ್ಕದಲ್ಲಿ ಸಿಕ್ಕಿದವನು.' ಅರವತ್ತನಾಲ್ಕು ದಿನ ಹಾಸಿಗೆ. ನಲವತ್ತನೆಯ ದಿನ ಹೆಸರು ಹೇಳಿದನಂತೆ. ಪೆಟ್ಟು ಬೀಳುವ ಹಿಂದಿನ ಮೂರು ದಿನ ಏನಾಯಿತೆಂದು ಕೇಳಿದರೆ ನೆನಪಿಲ್ಲ ಎಂದನಂತೆ. ವೈದ್ಯರು 'ಸೇವೆಗೆ ಅಯೋಗ್ಯ' ಎಂದು ಬರೆದು, ಯಾರದೋ ಅಂಗಿ ತೊಡಿಸಿ ಮನೆಗೆ ಕಳಿಸಿದ್ದರು.

"ನೆನಪಿಲ್ಲ," ಎಂದು ಕನ್ನಡಕದಕ್ಕ ತನ್ನಷ್ಟಕ್ಕೇ ಹೇಳಿಕೊಂಡಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಪಾಪ, ಆ ಮನುಷ್ಯ ಅನ್ನುವುದಾದರೂ ಏನನ್ನು? ತಾನು ಓಡಿದೆನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ! ಓಡಿದೀಯ ಎಂದು ಸೈನ್ಯ ಬರೆಯಿತು. ಸೈನ್ಯ ಸುಳ್ಳು ಹೇಳೀತೇ ಎಂದು ನಂಬಿಬಿಟ್ಟ.

"ಆಸ್ಪತ್ರೆಯ ವರದಿ ತುಕಡಿಗೆ ತಲುಪೋಕೆ ಮುಂಚೆನೇ ಈ ಬೆದರಿಕೆ ಕಾಗದ ಹೊರಟುಬಿಟ್ಟಿತ್ತು, ಪ್ರತಿ ಇಲ್ಲೇ ಇದೆ ನೋಡಿ," ಎಂದರು ಗುಮಾಸ್ತರು. "ಈಗ ಇದು ಕೇಳಿ."

ಎರಡನೆಯ ಹಾಳೆ ಬೇಕರಿಯ ಸಾರ್ಜೆಂಟ್ ಕೊಟ್ಟ ಹೇಳಿಕೆ. ಅವನಿಗೂ ಅದೇ ದಿನ ಗುಂಡು ತಗುಲಿ ಬೇರೆ ಆಸ್ಪತ್ರೆಯಲ್ಲಿದ್ದನಂತೆ. ಎದ್ದು ಕೂತ ಮೇಲೆ ವಿಷಯ ಕಿವಿಗೆ ಬಿದ್ದು ಬರೆಸಿದ್ದು. 'ಈ ಮನುಷ್ಯನನ್ನು ಮುಂದಿನ ಸಾಲಿಗೆ ಬ್ರೆಡ್ ತಲುಪಿಸಲು ಬಾಯಿಮಾತಿನಲ್ಲಿ ನಾನೇ ಕಳಿಸಿದ್ದೆ. ಗಾಡಿ ಹೊಡೆಯುವವನು ಜ್ವರದಲ್ಲಿ ಮಲಗಿದ್ದ. ನಾನು ಹೋಗ್ತೀನಿ, ಸುಟ್ಟವನೇ ಕೊಟ್ಟು ಬರ್ತೀನಿ ಎಂದು ತಾನಾಗಿಯೇ ಮುಂದೆ ಬಂದ. ಬ್ರೆಡ್ ತಲುಪಿದೆ. ತಲುಪಿಸಿ ಹಿಂದಿರುಗುವಾಗ ಗಾಡಿಯ ಬಳಿ ಶೆಲ್ ಬಿದ್ದಿದೆ. ಇವನನ್ನು ಓಡಿಹೋದವನು ಎಂದವರು ಯಾರೋ ನನಗೆ ತಿಳಿಯಬೇಕು.' ಆ ಕೊನೆಯ ಸಾಲಿನಲ್ಲಿ ಸಾರ್ಜೆಂಟನ ಸಿಟ್ಟು ಎಂಟು ದಶಕ ಕಳೆದರೂ ಆರಿರಲಿಲ್ಲ.

ಮೂರನೆಯದು ಆದೇಶದ ಪ್ರತಿ. ಗೈರು ಎಂಬ ನಮೂದು ರದ್ದು, ಗೌರವಪೂರ್ವಕ ಬಿಡುಗಡೆ.

ಕನ್ನಡಕದಕ್ಕನ ಕಣ್ಣಲ್ಲಿ ನೀರು ತುಂಬಿ ಅಕ್ಷರಗಳೆಲ್ಲ ಈಜತೊಡಗಿದವು. ಬಾಯಿಂದ ಉಸಿರು ಸಿಳ್ಳೆಯ ಹಾಗೆ ಹೊರಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಹಾಗಾದ್ರೆ ಇದನ್ನ ಅವರಿಗೆ ಯಾಕೆ ತಿಳಿಸಲಿಲ್ಲ ಸಾರ್?"

ಗುಮಾಸ್ತರು ಮಾತಾಡದೆ ಕಟ್ಟಿನ ತಳದಿಂದ ಒಂದು ಕಂದು ಲಕೋಟೆ ತೆಗೆದರು. ಅಂಟಿಸಿದ್ದು ಹಾಗೇ ಇತ್ತು. ಮೇಲೆ ಒಂದು ವಿಳಾಸ ಹೊಡೆದು ಎರಡನೆಯದು, ಅದನ್ನೂ ಹೊಡೆದು ಮೂರನೆಯದು. ಮೊದಲ ಎರಡರ ಪಕ್ಕ 'ಮನೆ ಬಿಟ್ಟಿದ್ದಾರೆ'. ಮೂರನೆಯದರ ಪಕ್ಕ ಅಂಚೆಯವನ ಕೈಬರಹ: 'ಮನೆಯಲ್ಲಿದ್ದಾರೆ. ತೆಗೆದುಕೊಳ್ಳಲು ಒಪ್ಪಲಿಲ್ಲ.'

"ತಿಳಿಸಿದಾರಮ್ಮ. ಅವರೇ ಹಿಂದಕ್ಕೆ ಕಳಿಸಿದ್ರು."

ಲಕೋಟೆ ಒಡೆಯುವ ಹಕ್ಕು ತಮಗಿಲ್ಲ, ಅದು ವಾರಸುದಾರರದು ಎಂದು ಗುಮಾಸ್ತರು ಮೇಲಧಿಕಾರಿಯ ಸಹಿ ಹಾಕಿಸಿಕೊಂಡು ಬಂದು, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಬಸ್ಸಿನಲ್ಲಿ ಅವಳು ಬುತ್ತಿ ಬಿಚ್ಚಿ ಒಂದಗುಳೂ ಬಿಡದೆ ಉಂಡಳು. ತಮ್ಮನಿಗೆ ಫೋನ್ ಮಾಡಿ "ಡ್ಯೂಟಿ ಬದಲಾಯಿಸ್ಕೊಂಡು ಮನೆಗೆ ಬಾ" ಎಂದಳು. "ಏನಾಯ್ತು?" ಎಂದು ಅವನು ಗಾಬರಿಯಾದರೆ, "ಒಳ್ಳೇದೇ ಆಯ್ತು ಕಣೋ, ಬಾ ಅಂದ್ರೆ ಬಾ," ಎಂದು ನಕ್ಕಳು.

ರಾತ್ರಿ ಏಳೂವರೆಗೆ ಅವಳು ಮೆಟ್ಟಿಲು ಹತ್ತಿದಾಗ ತಮ್ಮ ಆಗಲೇ ಬಂದು ಅಮ್ಮನ ಮಂಚದ ತುದಿಯಲ್ಲಿ ಕೂತಿದ್ದ. ಅಕ್ಕ ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತು, ಗಾಜು ತರಲು ಹೋಗಿರಲಿಲ್ಲ ಎಂದು ಒಪ್ಪಿಕೊಂಡು, ಮೊದಲಿಂದ ಕೊನೆಯವರೆಗೆ ಹೇಳಿದಳು. ಕೆಂಪು ಶಾಯಿಯನ್ನೂ ಮುಚ್ಚಿಡಲಿಲ್ಲ. ಮುದುಕಿ ರೆಪ್ಪೆ ಮಿಟುಕಿಸದೆ ಕೇಳಿದಳು. ಲಕೋಟೆಯನ್ನು ಕೈಗಿಟ್ಟಾಗ ಅದರ ಅಂಚನ್ನೆಲ್ಲ ಬೆರಳಲ್ಲಿ ಸವರಿದಳು.

"ನೀನೇ ಒಡಿ ಅಮ್ಮಾ. ನಿಂದು ಅದು."

ಅಂಟು ಒಣಗಿ ಪುಡಿಯಾಗಿತ್ತು. ಉಗುರು ತಾಗಿಸಿದ್ದೇ ತಡ ತೆರೆದುಕೊಂಡಿತು. ಒಳಗಿನ ಹಾಳೆಯನ್ನು ಮಗಳು ಓದಿದಳು. ಗೈರಿನ ನಮೂದು ತಪ್ಪಾಗಿ ಆದದ್ದು, ಅದಕ್ಕಾಗಿ ತುಕಡಿ ವಿಷಾದಿಸುತ್ತದೆ, ಬ್ರೆಡ್ ತಲುಪಿದ್ದಕ್ಕೆ ಮುಂದಿನ ಸಾಲಿನವರು ಕೃತಜ್ಞತೆ ತಿಳಿಸಿದ್ದಾರೆ.

"ಇನ್ನೊಂದ್ಸಲ ಓದು," ಎಂದಳು ತಾಯಿ. ಓದಿದಳು. "ಇನ್ನೊಂದ್ಸಲ." ಮೂರನೆಯ ಸಲ ತಮ್ಮ ಓದಿದ, ಅಡ್ಡ ಬಂದವರಿಗೆ ಬಸ್ಸಿನಿಂದ ಕೂಗುವ ಗಟ್ಟಿ ದನಿಯಲ್ಲಿ.

ಮುದುಕಿಗೆ ಮೊದಲು ಬಂದದ್ದು ಕೋಪ. "ಬಾಗಿಲು ತೆಗೆದು ಈಸ್ಕೊಂಡಿದ್ರೆ ಆಗ್ತಿತ್ತಲ್ಲೋ ಅಪ್ಪಾ!" ಎಂದು ಗೋಡೆಯ ಕಡೆ ನೋಡಿ ಗದರಿದಳು. "ಅದೇನು ಹಾವಾ ಕಚ್ಚೋಕೆ? ಕಾಗದ ತಾನೇ!" ಆಮೇಲೆ ಸ್ವಲ್ಪ ಅತ್ತಳು. ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು. "ಶಾಲೇಲಿ ನನ್ನ ಆಡ್ಕೊಳ್ತಿದ್ದೋರೆಲ್ಲ ಸತ್ತುಹೋಗಿದಾರೆ ಕಣ್ರೋ. ಯಾರಿಗೆ ತೋರಿಸ್ಲಿ ಇದನ್ನ?"

"ನಮಗೆ ತೋರಿಸಿದ್ಯಲ್ಲಮ್ಮ," ಎಂದ ಮಗ.

ನಗರಸಭೆಯ ಪಟ್ಟಿಗೆ ಕೊನೆಯ ದಿನ ಮುಗಿದು ತಿಂಗಳಾಗಿತ್ತು. ಕನ್ನಡಕದಕ್ಕ ಮರುದಿನವೇ ಹೋಗಿ ಪ್ರತಿ ಕೊಟ್ಟು ಬಂದಳು. ಮುಂದಿನ ಸಲ ನೋಡೋಣ ಎಂದರಂತೆ. ತಾಯಿ "ಹಾಕಿದ್ರೆ ಹಾಕ್ಲಿ, ಬಿಟ್ರೆ ಬಿಡ್ಲಿ" ಎಂದು ಕೈಯಾಡಿಸಿಬಿಟ್ಟಳು. ಅವಳ ತಲೆಯಲ್ಲಿ ಆಗ ಬೇರೆಯದೇ ಓಡುತ್ತಿತ್ತು.

ಅಷ್ಟು ವರ್ಷ ಅಪ್ಪ ಎಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದವಳ ಮಾತಿಗೆ ಈಗ ತಡೆಯೇ ಇರಲಿಲ್ಲ. ಆ ಭಾನುವಾರ ಊಟದ ನಡುವೆ ತಮ್ಮ ತಾನಾಗಿಯೇ ಕೇಳಿದ, "ಅಜ್ಜ ನೋಡೋಕೆ ಹೇಗಿದ್ರಮ್ಮ?" ಎಂದು. ಉದ್ದಕ್ಕಿದ್ದ, ಕಿವಿ ಮಾತ್ರ ದೊಡ್ಡದು, ನಿನ್ನ ಹಾಗೇ ಎಂದಳು. ಹಾಡಲು ಬರದಿದ್ದರೂ ಹಿಟ್ಟು ನಾದುವಾಗ ಹಾಡುತ್ತಿದ್ದ ಎಂದಳು. ಬೆಳಗಿನ ಪಾಳಿ ಮುಗಿಸಿ ಬಂದವನು ಅಂಗಿಯ ಜೇಬಿನಿಂದ ಬೆಚ್ಚಗಿನ ಸಣ್ಣ ಬನ್ನು ತೆಗೆದು ಅವಳ ಕೆನ್ನೆಗೆ ಒತ್ತಿ ಎಬ್ಬಿಸುತ್ತಿದ್ದನಂತೆ. ಹೇಳುತ್ತಾ ಹೇಳುತ್ತಾ ತಟ್ಟೆಯಲ್ಲಿದ್ದದ್ದು ಖಾಲಿಯಾದದ್ದೂ ಅವಳ ಗಮನಕ್ಕೆ ಬರಲಿಲ್ಲ. ಮಗಳು ಸದ್ದಿಲ್ಲದೆ ಇನ್ನೊಂದು ಸೌಟು ಅನ್ನ ಬಡಿಸಿದಳು.